ದೊಡ್ಡದೊಂದು, ಚಿಕ್ಕದೊಂದು

ಗೋಡೆ ಒರೆಸುವುದನ್ನು ಮೋಹನ್‌ಬಾಬು ಯಾರೂ ನೋಡದ ಹೊತ್ತಲ್ಲೇ ಮುಗಿಸಿಬಿಡುತ್ತಿದ್ದ. ಬೆಳಿಗ್ಗೆ ಹೆಂಡತಿ ಕವಿತ ಬಾಗಿಲಿಗೆ ನೀರು ಹಾಕಲು ಆಚೆ ಹೋಗಬೇಕು, ಮಗಳು ಹರಿತಾ ಸ್ನಾನದ ಮನೆಯ ಚಿಲಕ ಹಾಕಿಕೊಳ್ಳಬೇಕು; ಆ ನಡುವಿನ ಐದಾರು ನಿಮಿಷದಲ್ಲಿ ಮಗಳ ರೂಮಿಗೆ ನುಗ್ಗಿ, ಬೀರುವನ್ನು ಒಂದು ಗೇಣು ಸರಿಸಿ, ಹಳೇ ಪಂಚೆಯ ತುಂಡಿನಿಂದ ಬೂಷ್ಟನ್ನು ಉಜ್ಜಿ, ಬಟ್ಟೆಯನ್ನು ಲುಂಗಿಯೊಳಗೆ ಬಚ್ಚಿಟ್ಟುಕೊಂಡು ಈಚೆ ಬರಬೇಕು. ಐವತ್ತರ ಹತ್ತಿರ ಬಂದ ಗಂಡಸು ಸ್ವಂತ ಮನೆಯಲ್ಲಿ ಕಳ್ಳನ ಹಾಗೆ. ಥೂ. ಒರೆಸಿದ ಮೂರನೇ ದಿನಕ್ಕೆ ಅದು ಮತ್ತೆ ಹಾಜರು, ಮೊದಲಿಗಿಂತ ಅಗಲವಾಗಿ, ನಡುವೆ ಕಪ್ಪಗೆ, ಅಂಚಿನಲ್ಲಿ ಬೆಳ್ಳಗೆ. ಇಪ್ಪತ್ತು ವರ್ಷ ರೇಷ್ಮೆ ಹುಳುವಿನ ಜೊತೆ ಕಳೆದವನಿಗೆ ಆ ಬಿಳುಪು ಗೊತ್ತಿರಲಿಲ್ಲವೆ? ತೇವ ಕಟ್ಟಿದ ಮನೆಯಲ್ಲಿ ಹುಳುವಿಗೆ ಸುಣ್ಣಕಟ್ಟು ಬಡಿದರೆ ಸತ್ತ ಹುಳು ಹೀಗೇ ಬೆಳ್ಳಗಾಗಿ, ಸೀಮೆಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿ ಬಿದ್ದಿರುತ್ತಿತ್ತು. ತಟ್ಟೆಯಲ್ಲಿ ಅಂಥದ್ದೊಂದು ಕಂಡರೆ ಸಾಕು, ಕಿಟಕಿ ತೆಗೀರಯ್ಯಾ, ಸುಣ್ಣ ಉದುರಿಸ್ರಯ್ಯಾ ಅಂತ ರೈತರ ಮೇಲೆ ಕೂಗಾಡುತ್ತಿದ್ದವನು ಅವನೇ. ಈಗ ಮಗಳ ರೂಮಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದು, ಸಂದುಗಳಿಗೆ ಅಂಟು ತುಂಬಿ, ಒಂದು ಎಳೆ ಗಾಳಿಯೂ ಆಡದ ಹಾಗೆ ಮುಚ್ಚಿದವನೂ ಅವನೇ. ಮರಿಹುಳು ಸಾಕುವ ಚಾಕಿ ಮನೆಯನ್ನು ಹಾಗೆ ಮುಚ್ಚಬೇಕು. ಮೊಟ್ಟೆಯೊಡೆದ ಮರಿಹುಳುವಿಗೆ ಮೊದಲ ವಾರ ತೇವ ಬೇಕು, ಗಾಳಿ ಬೇಡ. ಕೈಗೆ ಅಂಟಿದ ಅಭ್ಯಾಸ. ಏಸಿ ಹಾಕಿಸಿದ ದಿನ ತಾನಾಗಿಯೇ ಅಂಟಿನ ಕೊಳವೆ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತಿದ್ದ. ಹದಿನೇಳು ವರ್ಷದ ಹುಡುಗಿ ಮರಿಹುಳುವಲ್ಲ ಅನ್ನುವುದು ಹೊಳೆಯಲೇ ಇಲ್ಲ.

ಆವತ್ತು ಭಾನುವಾರ. ಬಟ್ಟೆ ಬಚ್ಚಿಟ್ಟುಕೊಂಡು ಈಚೆ ಬಂದರೆ ನಡುಮನೆಯಲ್ಲಿ ಚೀಲ ನೇತುಹಾಕಿಕೊಂಡು ಒಬ್ಬ ನಿಂತಿದ್ದಾನೆ. ಚಿಂತಾಮಣಿಯ ಏಸಿ ಮೆಕ್ಯಾನಿಕ್ಕು, ಕೆಂಪರಾಜು ಅಂತ ಹೆಸರು. ಕರೆಸಿದವಳು ಕವಿತ. ಕೇಳಲಿಲ್ಲ, ಹೇಳಲಿಲ್ಲ, ಕರೆಸಿಬಿಟ್ಟಿದ್ದಾಳೆ. ಮೋಹನ್‌ಬಾಬುವಿನ ಮೈಯೆಲ್ಲ ಉರಿದುಹೋಯಿತು. ಈ ಮನೆಯಲ್ಲಿ ಯಜಮಾನ ಅಂತ ಒಬ್ಬ ಇದ್ದಾನಾ, ಸತ್ತಿದ್ದಾನಾ? ಆದರೆ ಹೊರಗಿನವನ ಮುಂದೆ ಏನಂತ ಅನ್ನುವುದು. ಲುಂಗಿಯೊಳಗಿನ ಒದ್ದೆ ಬಟ್ಟೆ ತೊಡೆಗೆ ತಣ್ಣಗೆ ತಗುಲುತ್ತಿತ್ತು. ಕೆಂಪರಾಜು ಸ್ಟೂಲು ಹತ್ತಿ ಒಳಗಿನ ಡಬ್ಬದ ಮುಚ್ಚಳ ತೆಗೆದ, ಟಾರ್ಚು ಬಿಟ್ಟು ಚೀಟಿ ಓದಿದ, ಇಳಿದು ಮಹಡಿಗೆ ಹೋಗಿ ಹೊರಗಿನ ಡಬ್ಬ ನೋಡಿದ, ಮತ್ತೆ ಬಂದು ಹಿತ್ತಿಲ ಗೋಡೆಯಿಂದ ಇಳಿಬಿಟ್ಟಿದ್ದ ನೀರಿನ ಪೈಪಿನ ಬಾಯಿಗೆ ಬೆರಳಿಟ್ಟ. ಬೆರಳನ್ನು ಕವಿತಳಿಗೆ ತೋರಿಸಿದ. ಮನೆಯ ಗಂಡಸಿಗಲ್ಲ, ಅವಳಿಗೆ.

"ಒಣಗಿದೆ ನೋಡಿ ಅಕ್ಕ. ಎರಡು ಗಂಟೆಯಿಂದ ಏಸಿ ಓಡ್ತಿದೆ ಅಂದ್ರಿ. ಒಂದು ಚೊಂಬಾದ್ರೂ ನೀರು ಬಂದಿರಬೇಕಿತ್ತು."

"ನಮ್ಮದು ಸೋರಲ್ಲಪ್ಪ," ಅಂದ ಮೋಹನ್‌ಬಾಬು. ಆ ಮಾತಿನಲ್ಲಿ ಹಳೆಯ ಜಂಬ ಇನ್ನೂ ಉಳಿದಿತ್ತು. ಹೋದ ಬೇಸಿಗೆಯಲ್ಲಿ ತಮ್ಮ ರಮೇಶ್‌ಬಾಬುವಿನ ಮನೆಯ ಏಸಿ ಒಳಗೇ ನೀರು ಕಾರುತ್ತಿತ್ತು. ಅದರ ಅಡಿಗೆ ಬಕೆಟ್ಟು ಇಟ್ಟಿದ್ದಾರಂತೆ, ಮಂಜುಗಡ್ಡೆ ಕಟ್ಟಿಕೊಳ್ಳುತ್ತಂತೆ ಅಂತ ಊರೆಲ್ಲ ಸುದ್ದಿ. ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದವರ ಎದುರು ಮೋಹನ್‌ಬಾಬು ಅದನ್ನು ಎಷ್ಟು ಸಲ ಹೇಳಿ ನಕ್ಕಿದ್ದ! ಸೋರೋ ಏಸಿ ಅಂತ ಹೆಸರೇ ಇಟ್ಟಿದ್ದ. ನಮ್ಮದು ನೋಡಿ, ಒಂದು ತೊಟ್ಟು ಬೀಳಲ್ಲ.

"ಬೀಳಬೇಕು ಸಾರ್. ರೂಮಿನ ತೇವ ನೀರಾಗಿ ಆ ಪೈಪಲ್ಲಿ ಆಚೆ ಬರಬೇಕು. ಬರ್ಲಿಲ್ಲ ಅಂದ್ರೆ ಎಲ್ಲಿರುತ್ತೆ? ರೂಮಲ್ಲೇ ಇರುತ್ತೆ. ಗೋಡೇಲಿ, ಹಾಸಿಗೇಲಿ, ಉಸಿರಲ್ಲಿ." ಅವನು ಲುಂಗಿಯ ಕಡೆ ನೋಡಿದನೋ, ಮೋಹನ್‌ಬಾಬುವಿಗೆ ಹಾಗನ್ನಿಸಿತೋ. "ಒಳಗಡೆದು ಎರಡು ಟನ್ನಿಂದು. ಮಹಡಿ ಮೇಲಿರೋದು ಒಂದು ಟನ್ನಿಂದು. ತಣ್ಣಗೆ ಮಾಡೋ ಶಕ್ತಿ ಇರೋದು ಹೊರಗಿನ ಡಬ್ಬದಲ್ಲಿ. ಅಷ್ಟು ಚಿಕ್ಕದು ಇಷ್ಟು ದೊಡ್ಡದನ್ನ ಎಳೆಯೋಕಾಗುತ್ತಾ? ಗಾಳಿ ಏನೋ ತಣ್ಣಗಾದಂಗಿರುತ್ತೆ, ತೇವ ಇಳಿಯಲ್ಲ. ಈ ಎರಡನ್ನೂ ಜೋಡ್ಸಿದ ಪುಣ್ಯಾತ್ಮ ಯಾರು ಸಾರ್?"

"ಭಾಗದಲ್ಲಿ ಬಂದಿದ್ದು," ಅಂದಳು ಕವಿತ. ಮಾತು ಚಪ್ಪಟೆಯಾಗಿತ್ತು. "ಅಣ್ಣತಮ್ಮಂದಿರು ಭಾಗ ಆದಾಗ ಹಂಚ್ಕೊಂಡಿದ್ದು."

ಕೆಂಪರಾಜು ಒಗೆಯುವ ಕಲ್ಲಿನ ಮೇಲೇ ಕೂತು ನಕ್ಕುಬಿಟ್ಟ. "ಏಸೀನೂ ಭಾಗ ಮಾಡ್ಕೋತಾರಾ ಸಾರ್? ನಾನು ಗಂಡ ಹೆಂಡ್ತಿ ಹಂಚ್ಕೊಂಡಿದ್ದು ನೋಡಿದೀನಿ, ಅವರೂ ಪೂರ್ತಿ ಪೂರ್ತಿ ಹಂಚ್ಕೊಂಡ್ರು."

"ನಿನ್ನ ಕೆಲಸ ಎಷ್ಟೋ ಅಷ್ಟು ನೋಡಯ್ಯ," ಅಂದ ಮೋಹನ್‌ಬಾಬು. ದನಿ ನಡುಗಿತು. ಹಾಳಾದ್ದು, ಅಂಥ ಹೊತ್ತಲ್ಲೇ ನಡುಗುತ್ತೆ.

ಭಾಗದ ದಿನ ಸೀಮೆಸುಣ್ಣ ಹಿಡಿದವನು ವೆಂಕಟರಾಮಪ್ಪ ಮಾವ, ತಾಯಿಯ ಅಣ್ಣ. ಅಣ್ಣತಮ್ಮಂದಿರು ಎಂಟು ವರ್ಷ ಜೊತೆಯಲ್ಲಿ ನಡೆಸಿದ ಚಾಕಿ ಕೇಂದ್ರದ ಅಂಗಳದಲ್ಲಿ ಸಾಮಾನು ಹರಡಿತ್ತು. ತಟ್ಟೆಗಳು, ಎಲೆ ಹೆಚ್ಚುವ ಮಣೆಗಳು, ಔಷಧಿ ಹೊಡೆಯುವ ಯಂತ್ರ, ಕೊನೆಯಲ್ಲಿ ಗೋಡೆಯಿಂದ ಬಿಚ್ಚಿ ತಂದ ಎರಡು ಏಸಿ. ಎರಡು ಟನ್ನಿನದೊಂದು, ಒಂದು ಟನ್ನಿನದೊಂದು. ದೊಡ್ಡದು ಯಾರಿಗೆ, ಚಿಕ್ಕದು ಯಾರಿಗೆ? ಮಾವ ಗಲ್ಲ ಕೆರೆದುಕೊಂಡ. ಮಾವನಿಗೆ ಏಸಿ ಅಂದರೆ ನಾಲ್ಕು ಡಬ್ಬ, ಎರಡು ದೊಡ್ಡವು, ಎರಡು ಸಣ್ಣವು, ಅಷ್ಟೇ. ಮೋಹನ್‌ಬಾಬು ಮಾವನ ಪಕ್ಕಕ್ಕೆ ಸರಿದು, ತೋಳು ಮುಟ್ಟಿ, ಕಿವಿಯ ಹತ್ತಿರ ಬಾಯಿಟ್ಟು ಹೇಳಿದ: ಇಬ್ಬರಿಗೂ ದೊಡ್ಡದೊಂದು ಚಿಕ್ಕದೊಂದು ಅಂದುಬಿಡು ಮಾವ, ಒಳಗಿನ ದೊಡ್ಡದು ನನಗೆ, ಹೊರಗಿನ ದೊಡ್ಡದು ಅವನಿಗೆ, ಯಾರೂ ಏನೂ ಅನ್ನೋಂಗಿರಲ್ಲ. ತಂಪು ಬರುವುದು ಒಳಗಿನ ಡಬ್ಬದಿಂದ ಅಲ್ಲವೆ? ಹೊರಗಿನದೇನು, ಬಿಸಿಗಾಳಿ ಉಗುಳುವ ಫ್ಯಾನು. ನೋಡಲು ಭಾರ, ಕೆಲಸಕ್ಕೆ ಕಡಿಮೆ. ಕಣ್ಣಿಗೆ ಕಾಣುವ ದೊಡ್ಡದನ್ನು ತಮ್ಮನಿಗೆ ತಳ್ಳಿ ತಂಪು ಕೊಡುವ ದೊಡ್ಡದನ್ನು ತಾನು ಎತ್ತಿಕೊಂಡೆ ಅಂತ ಒಳಗೊಳಗೇ ಕುಣಿದಿದ್ದ. ಮಾವ ಗಟ್ಟಿಯಾಗಿ ಹೇಳಿ ಗೆರೆ ಎಳೆದ. ಕೂತಿದ್ದವರು ನ್ಯಾಯ ಅಂದರೆ ಇದಪ್ಪ ಅಂದರು. ಜೊತೆಯಲ್ಲಿದ್ದಾಗ ಮಿಷಿನ್ನು ತೊಳೆಯುವುದು, ಮೆಕ್ಯಾನಿಕ್ಕಿನ ಹಿಂದೆ ಓಡುವುದು ಎಲ್ಲ ರಮೇಶನ ಪಾಲಿನ ಕೆಲಸವಾಗಿತ್ತು. ಅವನು ತಲೆಯೆತ್ತಿ, ಏನೋ ಹೇಳಲು ಬಾಯಿ ತೆರೆದು, ಅಣ್ಣನ ಮುಖ ನೋಡಿ ಮುಚ್ಚಿಕೊಂಡ. ಅವನು ಯಾಕೆ ಮುಚ್ಚಿಕೊಂಡ? ಒಂದೂವರೆ ವರ್ಷ ಆ ಮುಚ್ಚಿದ ಬಾಯಿಯನ್ನು ಮೋಹನ್‌ಬಾಬು ಸೋಲು ಅಂದುಕೊಂಡಿದ್ದ. ಡಬ್ಬ ಜೋಡಿಸಲು ಬಂದ ಚಿಕ್ಕಬಳ್ಳಾಪುರದ ಹುಡುಗರೂ ಇದು ಹೊಂದಲ್ಲ ಸಾರ್ ಅಂದಿದ್ದರು. ಪೈಪು ಎಳೆದು ಗ್ಯಾಸು ತುಂಬ್ರಯ್ಯ, ನನಗೇ ಪಾಠ ಹೇಳಬೇಡಿ ಅಂತ ಗದರಿಸಿದ್ದು ಯಾರು? ಇರಲಿ. ಅದಕ್ಕಿಂತ ಹೊಲಸು ಇನ್ನೊಂದಿತ್ತು. ಚಿಕ್ಕಪ್ಪನ ಮನೆಗೆ ಯಾಕಪ್ಪ ಹೋಗಬಾರದು ಅಂತ ಹರಿತಾ ಕೇಳಿದಾಗಲೆಲ್ಲ ಅವನು ಒಂದೇ ಕತೆ ಹೇಳುತ್ತಿದ್ದ: ದೊಡ್ಡ ಡಬ್ಬ ನನಗೇ ಬೇಕು ಅಂತ ನಿಮ್ಮ ಚಿಕ್ಕಪ್ಪ ಪಂಚಾಯ್ತಿಯಲ್ಲಿ ಹಟ ಹಿಡಿದ ಕಣಮ್ಮ, ನಾನು ಹೋಗ್ಲಿ ಅಂತ ಬಿಟ್ಟುಕೊಟ್ಟೆ. ಹುಡುಗಿ ನಂಬಿದ್ದಳು. ಮೊನ್ನೆ ಸಂಕ್ರಾಂತಿಗೆ ಮಾವ ತೀರಿಕೊಂಡ. ಹೆಣದ ಹತ್ತಿರ ಅಳುತ್ತ ಕೂತಾಗಲೂ, ಸದ್ಯ, ಬಾಯಿ ಬಿಡೋನು ಹೋದ ಅಂತ ಅನ್ನಿಸಿತ್ತು. ಅನ್ನಿಸಿದ್ದು ನಿಜ. ಅದನ್ನು ಯಾವ ಪಂಚೆಯ ತುಂಡಿನಿಂದ ಒರೆಸುವುದು?

ಒಂದೇ ದಾರಿ ಸಾರ್, ಅಂತ ಹೇಳಿ ಕೆಂಪರಾಜು ಚೀಲ ಕಟ್ಟಿದ್ದ. ಇದರ ಜೋಡಿ ಡಬ್ಬ ಎಲ್ಲಿದೆಯೋ ಅಲ್ಲಿಂದ ತನ್ನಿ, ಸಾಯಂಕಾಲ ಬಂದು ಕೂರಿಸಿಕೊಡ್ತೀನಿ. ಅವನು ಗಾಡಿ ಹತ್ತಿ ಹೋದ ಮೇಲೆ ಕವಿತ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹರಿತಾಳ ನೀಲಿ ಪಂಪು, ಉಬ್ಬಸ ಬಂದಾಗ ಬಾಯಿಗಿಟ್ಟು ಎಳೆದುಕೊಳ್ಳುವುದು. ಅದನ್ನು ಅಲ್ಲಾಡಿಸಿದಳು. ಸದ್ದೇ ಇಲ್ಲ.

"ಹೋದ ತಿಂಗಳು ತಂದಿದ್ದು. ಖಾಲಿ."

"ಇನ್ನೊಂದು ತರ್ತೀನಿ."

"ಡಾಕ್ಟ್ರು ಏನಂದ್ರು? ರೂಮು ಬದಲಾಯ್ಸಿ ಇಲ್ಲ ರೂಮಿನ ತೇವ ತೆಗೀರಿ, ಹಿಂಗೇ ಬಿಟ್ರೆ ಮಗು ಎದೆ ಕೆಡುತ್ತೆ ಅಂದ್ರು. ನೀವೇನಂದ್ರಿ? ಬೀದಿ ಧೂಳು ಡಾಕ್ಟ್ರೇ, ಏಸಿ ಇದೆ, ಕಿಟಕಿ ಮುಚ್ಚಿದೀನಿ ಅಂದ್ರಿ." ಅವಳು ಪಂಪನ್ನು ಮೇಜಿನ ಮೇಲೆ ಕುಕ್ಕಿದಳು. "ಏಸಿ ಆರಿಸಿ ಅಂದ್ರೆ ಆರಿಸಲ್ಲ. ಕಿಟಕಿ ತೆಗೀರಿ ಅಂದ್ರೆ ತೆಗೆಯಲ್ಲ. ತೆಗೆದ್ರೆ ನಿಮ್ಮದು ತಪ್ಪು ಅಂತಾಗಿಬಿಡುತ್ತೆ, ಅಲ್ವಾ? ಗೋಡೆ ಒರೆಸೋದು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಆ ಬಟ್ಟೆ ಒಗೆಯೋಳು ಯಾರು?"

ಸಿಕ್ಕಿಬಿದ್ದಾಗ ಕೂಗುವುದು ಅವನ ಅಭ್ಯಾಸ, ಕೂಗಿದ. ಅವನು ಕೂಗಿ ಮುಗಿಸುವವರೆಗೂ ಅವಳು ಕಾದಳು. "ತಮ್ಮನ ಮನೆಗೆ ಹೋಗಿ ಆ ಡಬ್ಬ ಕೇಳಿ ತನ್ನಿ," ಅಂದಳು. "ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ನಾನು ಹೋಗ್ತೀನಿ." ಹರಿತಾ ಎಲ್ಲಿ ಅಂತ ಕೇಳಿದರೆ, ಫ್ರೆಂಡ್ ಮನೆಗೆ ಓದಿಕೊಳ್ಳಲು ಹೋಗಿದ್ದಾಳೆ ಅಂತ ಮುಖ ತಿರುಗಿಸಿ ಹೇಳಿದಳು.

ತಮ್ಮನ ಮನೆ ಹನ್ನೊಂದು ಮನೆಯಾಚೆ, ಶಿಡ್ಲಘಟ್ಟದ ರಸ್ತೆಗೆ ಊರು ಮುಗಿಯುವಲ್ಲಿ. ಮುಂಗಾರಿನ ಎರಡು ಮಳೆ ಬಿದ್ದಿತ್ತು, ಬಿಸಿಲು ಮಾತ್ರ ಜಾಗ ಬಿಟ್ಟಿರಲಿಲ್ಲ. ಮೈಗೆ ಅಂಗಿ ಅಂಟಿಕೊಂಡು ಚರ್ಮ ಸುಲಿದುಕೊಳ್ಳಬೇಕು ಅನ್ನುವಂಥ ಸೆಕೆ. ನಡೆಯುತ್ತ ಮಾತು ಕೂಡಿಸಿಕೊಂಡ. ಏನೋ ರಮೇಶ, ಆ ಡಬ್ಬ ಸುಮ್ಮನೆ ಬಿದ್ದಿದೆಯಂತೆ. ಛೆ, ಬೇಡ. ಭಿಕ್ಷೆ ಬೇಡಿದ ಹಾಗಾಗುತ್ತೆ. ಮೆಕ್ಯಾನಿಕ್ಕು ಹೇಳ್ದ, ನಿನ್ನ ಹತ್ತಿರ ಇರೋದು ನನಗೆ, ನನ್ನ ಹತ್ತಿರ ಇರೋದು ನಿನಗೆ, ಇಬ್ಬರಿಗೂ ಒಳ್ಳೇದು. ಇದು ಪರವಾಗಿಲ್ಲ, ವ್ಯಾಪಾರದ ಮಾತು. ಡೈರಿ ಕಟ್ಟೆಯ ಮೇಲಿದ್ದ ಎರ್ರಪ್ಪ, "ಏಂ ಮೋಹನಣ್ಣ, ಈ ಕಡೆ?" ಅಂತ ಕೇಳಿದ. ಈ ಕಡೆ ಅನ್ನುವ ಪದವನ್ನು ಬೇಕೆಂದೇ ಎಳೆದ, ಬೇವಾರ್ಸಿ. ಕೇಳದವನ ಹಾಗೆ ನಡೆದ. ಭಾಗವಾದ ಮೇಲೆ ಕೇಂದ್ರ ಮುಚ್ಚಿ ಮೋಹನ್‌ಬಾಬು ಈಗ ಶಿಡ್ಲಘಟ್ಟದಲ್ಲಿ ಇನ್ನೊಬ್ಬರ ಚಾಕಿ ಕೇಂದ್ರದಲ್ಲಿ ಸಂಬಳದ ಸೂಪರ್‌ವೈಸರ್ ಆಗಿದ್ದಾನೆ. ಅಲ್ಲಿನ ಓನರು ಅವನ ಅರ್ಧ ವಯಸ್ಸಿನವನು, ರೂಮಿನ ತೇವ ಎಷ್ಟಿದೆ ಮೋಹನ್ ಅಂತ ಬರೀ ಹೆಸರು ಹಿಡಿದು ಕೇಳುತ್ತಾನೆ. ಎಂಬತ್ತೈದು ಪರ್ಸೆಂಟು ಸಾರ್, ಅಂತ ಮೀಟರು ನೋಡದೇ ಹೇಳಬಲ್ಲ. ಮಗಳ ರೂಮಿಗೆ ಕಾಲಿಟ್ಟಾಗಲೆಲ್ಲ ಚರ್ಮ ಅದನ್ನೇ ಹೇಳುತ್ತಿತ್ತು, ಎಂಬತ್ತೈದು, ಎಂಬತ್ತೈದು. ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ.

ರಮೇಶನ ಬಾಗಿಲಲ್ಲಿ ಮೊದಲು ಕಂಡದ್ದು ಹರಿತಾಳ ಚಪ್ಪಲಿ. ಹಿಮ್ಮಡಿ ಸವೆದ ನೇರಳೆ ಬಣ್ಣದವು. ಅವನೇ ಗೌರಿಬಿದನೂರಿನಿಂದ ತಂದುಕೊಟ್ಟಿದ್ದು. ಒಂದು ಕ್ಷಣ ಬೇರೆ ಯಾರದೋ ಇರಬಹುದು ಅಂದುಕೊಂಡ. ತಮ್ಮನ ಹೆಂಡತಿ ಪ್ರಿಯಾಂಕ ಹಿಪ್ಪುನೇರಳೆ ಎಲೆಯ ಮೊರ ಹಿಡಿದು ಬಂದವಳು ಅವನನ್ನು ಕಂಡು ನಿಂತಳು. ಬನ್ನಿ ಅನ್ನಲಿಲ್ಲ. ತುಟಿಗೆ ಬೆರಳಿಟ್ಟು, "ಎಬ್ಬಿಸ್ಬೇಡಿ ಭಾವ, ಈಗ ತಾನೇ ಮಲಗಿದ್ಲು," ಅಂದಳು.

ಹಿತ್ತಿಲ ಕಡೆಯ ಜಗಲಿಯಲ್ಲಿ, ಹೊಂಗೆ ಮರದ ನೆರಳು ಬೀಳುವ ಕಡೆ, ಚಾಪೆಯ ಮೇಲೆ ಅವನ ಮಗಳು ಮಲಗಿದ್ದಳು. ಎದೆಯ ಮೇಲೆ ಬಯಾಲಜಿ ಪುಸ್ತಕ ಮಗುಚಿ ಬಿದ್ದಿತ್ತು. ಅವನು ಅಭ್ಯಾಸದಂತೆ ಕಿವಿ ಕೊಟ್ಟ. ಮನೆಯಲ್ಲಿ ಅವಳ ರೂಮಿನ ಬಾಗಿಲಲ್ಲಿ ನಿಂತರೆ ಮೊದಲು ಕೇಳುವುದು ಆ ಸಿಳ್ಳೆ, ಎದೆಯೊಳಗಿಂದ ಬರುವ ಕುಯ್ ಕುಯ್. ಇಲ್ಲಿ ಕೇಳಲಿಲ್ಲ. ಇನ್ನೂ ಹತ್ತಿರ ಹೋದ. ಪುಸ್ತಕ ಮೇಲೆದ್ದು ಕೆಳಗಿಳಿಯುತ್ತಿತ್ತು, ಅಷ್ಟೇ. ಉಸಿರಿಗೆ ಸದ್ದೇ ಇರಲಿಲ್ಲ. ಸಂತೋಷ ಆಗಬೇಕಿತ್ತು, ತಂದೆಯಾದವನಿಗೆ. ಆದದ್ದು ಹೊಟ್ಟೆಕಿಚ್ಚು. ಇವರ ಹಿತ್ತಿಲಲ್ಲಿ, ಇವರ ಚಾಪೆಯ ಮೇಲೆ, ಇಷ್ಟು ಚೆನ್ನಾಗಿ ಉಸಿರಾಡುತ್ತಿದ್ದಾಳೆ!

"ಒಂದು ತಿಂಗಳಿಂದ ಬರ್ತಾವಳೆ," ಅಂತ ಹಿಂದಿನಿಂದ ಮಾತು ಬಂತು. ರಮೇಶ ಎಲೆ ಹೆಚ್ಚುವ ಕತ್ತಿಯನ್ನು ಲುಂಗಿಗೆ ಒರೆಸುತ್ತ ನಿಂತಿದ್ದ. ಅಣ್ಣ ಅನ್ನಲಿಲ್ಲ. "ಅತ್ತಿಗೇನೇ ಕಳಿಸ್ತಾರೆ. ಈಗ ನೀನು ಬಂದಿದ್ದು ಯಾತಕ್ಕೆ, ಅದು ಹೇಳು."

ಕೂಡಿಸಿಕೊಂಡು ಬಂದ ವ್ಯಾಪಾರದ ಮಾತೆಲ್ಲ ಎತ್ತಲೋ ಹೋಯಿತು. "ಆ ಹೊರಗಿನ ಡಬ್ಬ," ಅಂದ.

"ಬಿಚ್ಚಿ ಆರು ತಿಂಗಳಾಯ್ತು. ನೀರು ಹೊತ್ತೂ ಹೊತ್ತೂ ಸಾಕಾಗಿ ಏಸೀನೇ ಬಿಟ್ವಿ, ಕಿಟಕಿ ತೆಗೆದ್ವಿ, ಬದುಕಿದೀವಿ." ರಮೇಶ ಹಿತ್ತಿಲ ಮೂಲೆಗೆ ಗದ್ದ ತೋರಿಸಿದ. ಗೋಣಿಚೀಲ ಹೊದಿಸಿ, ಮೇಲೆ ಇಟ್ಟಿಗೆ ಹೇರಿ ಇಟ್ಟಿದ್ದ. "ಜೋಡಿ ಮುರೀತಿದೀಯ ಅಂತ ನನಗೆ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೋನು ಬಾಯಿ ಯಾಕೆ ಮುಚ್ಕೊಂಡಿದ್ದೆ?"

"ನೀನು ಮಾವನ ಕಿವೀಲಿ ಪಿಸುಗುಟ್ಟಿದ್ದು ನೋಡ್ದೆ. ಎಲ್ಲೀವರೆಗೂ ಹೋಗ್ತೀಯೋ ನೋಡಣ ಅಂತ ಸುಮ್ನಾದೆ." ಅವನು ಕತ್ತಿಯನ್ನು ಸೂರಿಗೆ ಸಿಕ್ಕಿಸಿದ. "ಅದು ನನ್ನ ತಪ್ಪು, ಒಪ್ಕೋತೀನಿ. ಮಗು ಎದೆ ಮೇಲೆ ಕೂರುತ್ತೆ ಅಂತ ನನಗೇನು ಗೊತ್ತು. ಡಬ್ಬ ತಗೊಂಡೋಗು, ನಂಗೆ ಬೇಡ. ನಿನ್ನ ಚಿಕ್ಕದೂ ಬೇಡ. ಒಂದೇ ಒಂದು. ನಾನು ಹಟ ಹಿಡಿದು ಕಿತ್ಕೊಂಡೆ ಅಂತ ಆ ಹುಡುಗಿಗೆ ಹೇಳಿದೀಯಲ್ಲ, ನನ್ನನ್ನ ಬಂದು ಕೇಳಿದ್ಲು, ಹೌದಾ ಚಿಕ್ಕಪ್ಪ ಅಂತ. ನಾನು ಏನೂ ಹೇಳ್ಲಿಲ್ಲ. ನಿಮ್ಮಪ್ಪನ್ನೇ ಕೇಳಮ್ಮ ಅಂದೆ. ಈಗ ಹೇಳು. ಮಾವನ ಕೈಲಿ ಹೇಳಿಸಿದ್ದು ನಾನೇ ಅಂತ ಒಂದ್ಸಲ ಅನ್ನು. ಇಲ್ಲೇ."

ಚಾಪೆಯ ಮೇಲೆ ಹರಿತಾಳ ಕಾಲಿನ ಹೆಬ್ಬೆರಳು ಅಲುಗಿತು. ಪುಸ್ತಕ ಮೇಲೇಳುವುದು ನಿಂತಿತ್ತು. ಎಚ್ಚರವಾಗಿದ್ದಾಳೆ, ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದಾಳೆ. ಮೋಹನ್‌ಬಾಬುವಿಗೆ ಮೂರು ಪದ ಸಾಕಿತ್ತು. ಹೌದಪ್ಪ, ನಾನೇ ಹೇಳ್ಸಿದ್ದು. ನಾಲಿಗೆಯ ತುದಿಯವರೆಗೆ ಬಂತು ಕೂಡ, ಬೆವರಿನ ಹಾಗೆ ಉಪ್ಪುಪ್ಪಾಗಿ. ಬಾಗಿಲಲ್ಲಿ ಪ್ರಿಯಾಂಕ ನಿಂತಿದ್ದಾಳೆ, ಮೊರ ಹಿಡಿದುಕೊಂಡು, ಎಲೆ ಬಾಡುತ್ತಿದ್ದರೂ ಹೋಗುತ್ತಿಲ್ಲ. ಇವರ ಮುಂದೆ, ಮಗಳ ಮುಂದೆ? ನಾಳೆ ಇವಳು ತನ್ನ ಮುಖ ಹೇಗೆ ನೋಡುತ್ತಾಳೆ? ಅಷ್ಟರಲ್ಲಿ ಬಾಯಿ ತಾನಾಗಿಯೇ ಆಡಿಬಿಟ್ಟಿತು.

"ಮಾವ ಮಾಡಿದ್ದು ಕಣೋ. ದೊಡ್ಡೋರು, ತಿಳೀದೆ ಮಾಡಿದ್ರು. ಸತ್ತೋರ ಮೇಲೆ ಮಾತು ಯಾಕೆ."

ರಮೇಶ ಅವನನ್ನು ನೋಡಿದ, ಬೈಯಲಿಲ್ಲ, ಅದೇ ಕೆಟ್ಟದಾಯಿತು. ಹೋಗಿ ಇಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ, ಗೋಣಿಚೀಲ ಎಳೆದು, ಡಬ್ಬದ ಮೇಲಿನ ಧೂಳನ್ನು ಕೈಯಲ್ಲಿ ಬಡಿದ. "ಹಿಡ್ಕೋ," ಅಂದ. ಇಬ್ಬರೂ ಎರಡು ಕಡೆ ಹಿಡಿದು ಎತ್ತಿದರು. ಎಂಟು ವರ್ಷ ಅವರು ಹೀಗೇ ತಟ್ಟೆಗಳನ್ನು ಜೋಡಿಸುವ ಚರಣಿಗೆ ಎತ್ತಿದ್ದರು, ಒಬ್ಬನ ಹೆಜ್ಜೆಗೆ ಇನ್ನೊಬ್ಬನ ಹೆಜ್ಜೆ ತಾನಾಗಿ ಕೂಡುತ್ತಿತ್ತು. ಈಗಲೂ ಕೂಡಿತು, ದರಿದ್ರ. ಜಗಲಿ ದಾಟುವಾಗ ಹರಿತಾ ಎದ್ದು ಕೂತಿದ್ದಳು.

"ಅಪ್ಪ, ನಾನು ಇಲ್ಲೇ ಇರ್ತೀನಿ."

"ಸಾಯಂಕಾಲದೊಳಗೆ ರೂಮು ಸರಿಯಾಗುತ್ತೆ ಕಣಮ್ಮ. ಎಲ್ಲ ಒಣಗುತ್ತೆ. ಮೆಕ್ಯಾನಿಕ್ ಬರ್ತಾನೆ."

"ಸರಿ ಮಾಡ್ಸಪ್ಪ," ಅಂದಳು. ದನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ. ಪುಸ್ತಕ ತೆಗೆದುಕೊಂಡು ಓದುತ್ತಿದ್ದ ಪುಟ ಹುಡುಕತೊಡಗಿದಳು. "ನಾನು ಇಲ್ಲೇ ಇರ್ತೀನಿ."

ಕೆಂಪರಾಜು ನಾಲ್ಕೂವರೆಗೆ ಬಂದು, ಡಬ್ಬ ಕೂರಿಸಿ, ಗ್ಯಾಸು ತುಂಬಿ, ಐದೂಮುಕ್ಕಾಲಿಗೆ ಸ್ವಿಚ್ಚು ಒತ್ತಿದ. ಕಿಟಕಿಯ ಪ್ಲಾಸ್ಟಿಕ್ಕನ್ನೂ ಅವನೇ ಚಾಕುವಿನಿಂದ ಕೊಯ್ದು ತೆಗೆದ, ದಿನಾ ಎರಡು ಗಂಟೆ ತೆಗೆದಿಡಿ ಸಾರ್ ಅಂದ. ಇಪ್ಪತ್ತು ನಿಮಿಷಕ್ಕೆ ಪೈಪಿನ ಬಾಯಲ್ಲಿ ಒಂದು ಹನಿ ಕೂತಿತು, ಬಿತ್ತು, ಆಮೇಲೆ ನಿಲ್ಲಲೇ ಇಲ್ಲ. ಮೋಹನ್‌ಬಾಬು ಬಚ್ಚಲಿನಿಂದ ಬಕೆಟ್ಟು ತಂದಿಟ್ಟ. ಮೆಕ್ಯಾನಿಕ್ಕು ಹೋದ ಮೇಲೆ ಕವಿತ ಈಚೆ ಬಂದಳು. ಹೆಗಲಿಗೆ ಹರಿತಾಳ ಕಾಲೇಜು ಬ್ಯಾಗು, ಕೈಯಲ್ಲಿ ಬಟ್ಟೆಯ ಚೀಲ.

"ರೂಮು ಸರಿಹೋಯ್ತು ಅಂತ ಹೇಳು ಅವಳಿಗೆ," ಅಂದ.

"ನೀರು ಬರ್ತಿದೆ ಅಂತ ಹೇಳ್ತೀನಿ. ಮಿಕ್ಕಿದ್ದು ನೀವೇ ಹೋಗಿ ಹೇಳ್ಬೇಕು." ಗೇಟು ಹಾಕಿಕೊಂಡು ಹೋದಳು, ತಿರುಗಿ ನೋಡಲಿಲ್ಲ.

ಅವನು ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತ. ರೂಮಿನೊಳಗೆ ಹೋಗಿ ನೋಡಿ ಬಂದಿದ್ದ. ಗಾಳಿ ಹಗುರಾಗಿತ್ತು, ಚರ್ಮ ಅರವತ್ತು ಅಂದಿತು. ಹಾಸಿಗೆ ಖಾಲಿ. ಅಲ್ಲಿ ನಿಂತು ಮೆಲ್ಲಗೆ, ನಾನೇ ಹೇಳ್ಸಿದ್ದು ಕಣಮ್ಮ, ಅಂದು ನೋಡಿದ. ಖಾಲಿ ರೂಮಿಗೆ ಹೇಳುವುದು ಎಷ್ಟು ಸುಲಭ! ಬೆಳಕು ಇಳಿಯುತ್ತಿತ್ತು. ಬಕೆಟ್ಟು ಕಾಲುಭಾಗ ತುಂಬಿತ್ತು, ತಿಳಿಯಾದ, ವಾಸನೆಯಿಲ್ಲದ ನೀರು, ಕುಡಿಯಬಹುದು ಅನ್ನಿಸುವಷ್ಟು ತಿಳಿ. ಅಷ್ಟು ನೀರು ಆ ರೂಮಿನ ಗಾಳಿಯಲ್ಲಿತ್ತು. ಒಂದೂವರೆ ವರ್ಷ ಅವಳು ಎಳೆದುಕೊಂಡಿದ್ದು ಇದನ್ನೇ. ಪಕ್ಕದ ಮನೆಯ ಅಕ್ಕಯಮ್ಮನ ಹಿತ್ತಿಲ ಬಾಗಿಲು ಕಿರ್ರೆಂದಿತು. ಮೋಹನ್‌ಬಾಬು ಗಡಬಡಿಸಿ ಎದ್ದು, ಅವಳು ಈಚೆ ಬಂದು ನಿಮ್ಮದೂ ಸೋರುತ್ತಾ ಅನ್ನುವ ಮುಂಚೆ ಬಕೆಟ್ಟನ್ನು ಎತ್ತಿ ಮೋರಿಗೆ ಸುರಿದ. ಮತ್ತೆ ತಂದು ಪೈಪಿನ ಕೆಳಗಿಟ್ಟ.